ಪದಚರ್ಚೆ: ಶ್ರವಣಾತೀತ ಹರಿವುಮಾಪಕದ ‘ನಾಯ್ಸ್’‌ಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಪುಣೆಯ ಭೋಸರಿಯಲ್ಲಿ ಹರಿವುಮಾಪಕಗಳನ್ನು ಕೂರಿಸಿ, ಪರೀಕ್ಷಿಸಿ, ದುರಸ್ತಿ ಮಾಡುವ ಕೆಲಸದಲ್ಲಿ ನಾನು ಹತ್ತೊಂಬತ್ತು ವರ್ಷಗಳಿಂದ ಇದ್ದೇನೆ. ನಮ್ಮಲ್ಲಿ ಕೆಲಸಕ್ಕೆ ಸೇರುವ ಹುಡುಗರಲ್ಲಿ ಅನೇಕರು ವಿಜಯಪುರ, ಕಲಬುರಗಿ ಕಡೆಯಿಂದ ಐಟಿಐ ಮುಗಿಸಿ ಬಂದವರು. ಅವರಿಗಾಗಿ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಶ್ರವಣಾತೀತ ಹರಿವುಮಾಪಕಗಳಲ್ಲಿ (ಕಿವಿಗೆ ಕೇಳದ ದನಿಯಿಂದ ಕೊಳವೆಯ ಹರಿವನ್ನು ಅಳೆಯುವ ‘ಅಲ್ಟ್ರಾಸಾನಿಕ್ ಫ್ಲೋಮೀಟರ್’ಗಳಲ್ಲಿ) ‘ಅಕೌಸ್ಟಿಕ್ ನಾಯ್ಸ್’ ತಗ್ಗಿಸುವುದು ಹೇಗೆ ಎಂಬ ಅಧ್ಯಾಯಕ್ಕೆ ಬಂದಾಗ ಒಂದೇ ಒಂದು ಪದಕ್ಕಾಗಿ ಬರವಣಿಗೆ ನಿಂತಿದೆ.

ಈ ಮಾಪಕದ ಕೆಲಸ ಇಷ್ಟು: ಕೊಳವೆಯ ಎರಡು ಬದಿಗೆ ಓರೆಯಾಗಿ ಕೂರಿಸಿದ ಎರಡು ಸೆನ್ಸರ್‌ಗಳು ಸರದಿಯಂತೆ ಒಂದಕ್ಕೊಂದು ದನಿ ಕಳಿಸುತ್ತವೆ, ಹರಿವಿನ ಜೊತೆಗೆ ಹೋದ ದನಿ ತುಸು ಬೇಗ ಮುಟ್ಟುತ್ತದೆ, ಎದುರು ಬಂದದ್ದು ತುಸು ತಡವಾಗಿ ಮುಟ್ಟುತ್ತದೆ, ಆ ಅಂತರದಿಂದ ಹರಿವಿನ ವೇಗವನ್ನು ಲೆಕ್ಕ ಹಾಕಲಾಗುತ್ತದೆ. 100 ಮಿಲಿಮೀಟರ್ ಒಳವ್ಯಾಸದ ಕೊಳವೆಯಲ್ಲಿ ನೀರು ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹರಿಯುತ್ತಿದ್ದು, ದನಿಯ ದಾರಿ 45 ಡಿಗ್ರಿ ಓರೆಯಾಗಿದ್ದರೆ, ದನಿ ಆಚೆ ದಡ ಮುಟ್ಟಲು ಸುಮಾರು 95 ಮೈಕ್ರೋಸೆಕೆಂಡು ಬೇಕು. ಹೋಗುವ ಬರುವ ಹೊತ್ತಿನ ಅಂತರವಾದರೋ ಸುಮಾರು 90 ನ್ಯಾನೋಸೆಕೆಂಡು, ಅಂದರೆ ಪಯಣದ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಇಷ್ಟು ಸಣ್ಣದನ್ನು ಅಳೆಯುವಾಗ ಬೇರೆ ಯಾವ ದನಿ ಬಂದು ಸೇರಿಕೊಂಡರೂ ಲೆಕ್ಕ ಕೆಡುತ್ತದೆ.

ಕೈಪಿಡಿಯ ಮೊದಲ ಕರಡಿನಲ್ಲಿ ನಾನು ‘ಶಬ್ದವನ್ನು ಕಡಿಮೆ ಮಾಡಿ’ ಎಂದೇ ಬರೆದಿದ್ದೆ. ಅದು ಎಷ್ಟು ತಪ್ಪು ದಾರಿಗೆ ಎಳೆಯುತ್ತದೆ ಎಂಬುದು ಚಾಕಣದ ಒಂದು ಕಾರ್ಖಾನೆಯ ಗ್ಯಾಸ್ ಲೈನಿನಲ್ಲಿ ತಿಳಿಯಿತು. ಒತ್ತಡ ಇಳಿಸುವ ವಾಲ್ವಿನ ಮುಂದೆ ನಾಲ್ಕೈದು ಅಡಿ ದೂರದಲ್ಲಿ ಮಾಪಕವಿತ್ತು. ವಾಲ್ವ್ ಸ್ವಲ್ಪ ಹೆಚ್ಚು ತೆರೆದರೆ ಸಾಕು, ಅಂಕಿ ಕುಣಿಯತೊಡಗಿ ಕೊನೆಗೆ ಸೊನ್ನೆಗೆ ಬೀಳುತ್ತಿತ್ತು. ಇಂಡಿ ತಾಲೂಕಿನ ಹುಡುಗನೊಬ್ಬ ನನ್ನ ಕರಡನ್ನು ಓದಿಕೊಂಡೇ ಬಂದಿದ್ದ. ಸ್ಕ್ರೂಡ್ರೈವರಿನ ತುದಿಯನ್ನು ಕೊಳವೆಗೆ ಒತ್ತಿ, ಹಿಡಿಕೆಗೆ ಕಿವಿಯಿಟ್ಟು ಬಹಳ ಹೊತ್ತು ಆಲಿಸಿ, “ಸರ, ಕಿವಿ ಹಚ್ಚಿ ನೋಡೀನ್ರಿ, ಸಪ್ಪಳನ ಇಲ್ಲ” ಎಂದ. ಅವನು ಹೇಳಿದ್ದು ನಿಜವೇ ಆಗಿತ್ತು. ಅದು ಸದ್ದು ಕಡಿಮೆ ಮಾಡಲೆಂದೇ ತಯಾರಾದ ವಾಲ್ವ್. ಅಂಥವುಗಳಲ್ಲಿ ಗ್ಯಾಸನ್ನು ನೂರಾರು ಸಣ್ಣ ತೂತುಗಳಲ್ಲಿ ಹಂಚಿ ಬಿಡುತ್ತಾರೆ. ಧಾರೆ ಸಣ್ಣದಾದಷ್ಟೂ ಕಂಪನಾಂಕ ಏರುತ್ತದೆ, ಸದ್ದು ಮನುಷ್ಯನ ಕಿವಿಯ ಮಿತಿಯಾದ 20 ಕಿಲೋಹರ್ಟ್ಸ್ ದಾಟಿ ಹೋಗುತ್ತದೆ. ಕಿವಿಗೆ ನೆಮ್ಮದಿ ಸಿಕ್ಕಿತು, ಆದರೆ ಆ ಸದ್ದು ಹೋಗಿ ಸೇರಿದ್ದು ಗ್ಯಾಸ್ ಮಾಪಕಗಳು ಕೆಲಸ ಮಾಡುವ ನೂರಿನ್ನೂರು ಕಿಲೋಹರ್ಟ್ಸ್‌ನ ಆಸುಪಾಸಿಗೆ. ಸೆನ್ಸರಿಗೆ ಬಂದದ್ದನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಹಚ್ಚಿದಾಗ ಪರದೆಯ ತುಂಬ ಒತ್ತಾಗಿ ಬೆಳೆದ ಹುಲ್ಲಿನಂಥ ಗೆರೆಗಳು ಕಂಡವು. ಅದನ್ನು ನೋಡಿದ ಕೂಡಲೇ ಅದೇ ಹುಡುಗ, “ಬರೇ ಕಸ ಅದರಿ, ಬೆಳಿನ ಕಾಣವಲ್ದು” ಎಂದ.

ಅವನ ಆ ಮಾತಿನಿಂದಲೇ ನನ್ನ ವಿಚಾರ ಬೆಳೆಯಿತು. ಅಳತೆಯ ವಿದ್ಯೆಯಲ್ಲಿ ‘ನಾಯ್ಸ್’ ಎಂದರೆ ಜೋರಾದದ್ದು ಎಂದಾಗಲಿ, ಕಿವಿಗೆ ಬೀಳುವಂಥದ್ದು ಎಂದಾಗಲಿ ಅರ್ಥವಲ್ಲ. ಬೇಕಾದ ದನಿಯನ್ನು ಮುಚ್ಚುವ ಬೇಡದ ದನಿ ಎಂದರ್ಥ. ‘ಶಬ್ದ’ ಈ ಅರ್ಥವನ್ನು ಹೊರಲಾರದು. ಶಬ್ದಕೋಶದ ಶಬ್ದವೂ ಅದೇ, ಶಬ್ದಮಾಲಿನ್ಯದ ಶಬ್ದವೂ ಅದೇ, ಮೇಲಾಗಿ ಮಾಪಕ ತಾನೇ ಕಳಿಸುವ ದನಿಯನ್ನೂ ಶಬ್ದವೆಂದೇ ಕರೆಯಬೇಕಾಗುತ್ತದೆ. ‘ಸದ್ದು’, ‘ಸಪ್ಪಳ’ ಎರಡೂ ಕಿವಿಗೆ ಕಟ್ಟುಬಿದ್ದ ಪದಗಳು. ‘ರವ’ ಪದ್ಯದಲ್ಲಿ ಸೊಗಸು, ವರ್ಕ್‌ಶಾಪಿನಲ್ಲಿ ಅದನ್ನು ಉಪ್ಪಿಟ್ಟಿನ ರವೆಯೆಂದೇ ತಿಳಿಯುತ್ತಾರೆ. ನನ್ನ ಮರಾಠಿ ಸಹೋದ್ಯೋಗಿಗಳ ಬಾಯಲ್ಲಿ ‘ಗೋಂಗಾಟ’ ಎಂಬ ಒಳ್ಳೆಯ ಮಾತಿದೆ. ಅದಕ್ಕೆ ಹತ್ತಿರವಾದ ನಮ್ಮ ಮಾತು ‘ಗದ್ದಲ’. ‘ಸಂತೆ ಗದ್ದಲದಾಗ ನೀ ಕರೆದದ್ದು ಕೇಳಲಿಲ್ಲ’ ಎನ್ನುವಾಗ ಆ ಪದದ ಒಳಗೇ ಕರೆಯುವವನೊಬ್ಬ, ಕೇಳಬೇಕಾದವನೊಬ್ಬ ಇದ್ದಾರೆ. ಈ ಕಾರಣಕ್ಕೆ ನನ್ನ ಒಲವು ‘ಗದ್ದಲ’ದ ಕಡೆಗಿದೆ. ‘ಕಸ’ ಇನ್ನೂ ಖಚಿತವಾದ ಪದ, ಆದರೆ ಕೊಳವೆಯಲ್ಲಿ ನಿಜವಾದ ಕಸವೂ ಬರುವುದರಿಂದ ಗೊಂದಲಕ್ಕೆ ಎಡೆಯಾದೀತು.

ಆದರೆ ಗದ್ದಲ ಎಂಬ ಒಂದೇ ಪದದಿಂದ ಕೆಲಸ ಮುಗಿಯುವುದಿಲ್ಲ. ಸೆನ್ಸರ್ ಕೂಗಿದಾಗ ದನಿಯ ಒಂದಂಶ ಹರಿಯುವ ವಸ್ತುವಿನೊಳಗೆ ಇಳಿಯದೆ ಕೊಳವೆಯ ಲೋಹದಲ್ಲೇ ಸುತ್ತಿಕೊಂಡು ಆಚೆಯ ಸೆನ್ಸರನ್ನು ಮುಟ್ಟುತ್ತದೆ. ನೀರಿನಲ್ಲಿ ಸೆಕೆಂಡಿಗೆ ಸುಮಾರು 1,480 ಮೀಟರ್ ಹೋಗುವ ದನಿ ಉಕ್ಕಿನಲ್ಲಿ 5,900 ಮೀಟರ್‌ವರೆಗೂ ಓಡಬಲ್ಲದು. ಇದು ಹೊರಗಿನ ಗದ್ದಲವಲ್ಲ, ಮಾಪಕದ ಸ್ವಂತ ದನಿಯೇ ಅಡ್ಡದಾರಿ ಹಿಡಿದು ಬಂದದ್ದು. ಈ ಭೇದ ಕೆಲಸಗಾರನಿಗೆ ತಿಳಿಯಲೇಬೇಕು, ಏಕೆಂದರೆ ಎರಡರ ಮದ್ದೂ ಬೇರೆ. ವಾಲ್ವಿನ ಗದ್ದಲ ಪ್ರತಿ ಸಲವೂ ಬೇರೆ ಬೇರೆಯಾಗಿರುವುದರಿಂದ, 16 ದನಿಗಳನ್ನು ಕೂಡಿಸಿ ಸರಾಸರಿ ತೆಗೆದರೆ ಅದು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಲೋಹದ ದಾರಿಯ ದನಿ ಪ್ರತಿ ಸಲವೂ ಅದೇ ಹೊತ್ತಿಗೆ, ಅದೇ ರೂಪದಲ್ಲಿ ಬರುವುದರಿಂದ ನೂರು ಸಲ ಕೂಡಿಸಿದರೂ ಹಾಗೆಯೇ ಉಳಿಯುತ್ತದೆ. ಅದಕ್ಕೆ ಸೆನ್ಸರಿಗೂ ಲೋಹಕ್ಕೂ ನಡುವೆ ರಬ್ಬರಿನಂಥ ಮೆತ್ತನೆಯ ವಸ್ತು ಕೊಡಬೇಕು, ಇಲ್ಲವೇ ಕೊಳವೆಯ ಹೊರಮೈಗೆ ದನಿ ಹೀರುವ ಪಟ್ಟಿ ಸುತ್ತಬೇಕು. ಲೋಹದ ದಾರಿಯಲ್ಲಿ ಬರುವ ಈ ದನಿಗೆ ‘ಅಡ್ಡದನಿ’ ಎಂಬ ಪದವನ್ನು ಸೂಚಿಸುತ್ತಿದ್ದೇನೆ.

‘ತಗ್ಗಿಸು’ ಎಂಬ ಕ್ರಿಯಾಪದದಲ್ಲೂ ಇದೇ ತೊಡಕಿದೆ. ಚಾಕಣದಲ್ಲಿ ನಾವು ವಾಲ್ವನ್ನು ಬದಲಿಸಲಿಲ್ಲ. ವಾಲ್ವಿಗೂ ಮಾಪಕಕ್ಕೂ ನಡುವೆ ಇಂಗ್ಲಿಷಿನ T ಆಕಾರದ ಎರಡು ‘ಟೀ’ ತಿರುವುಗಳನ್ನು ಕೊಟ್ಟು, ತಿರುವಿನಿಂದ ಹರಿವು ಸುಳಿಗಟ್ಟುವುದರಿಂದ ಮಾಪಕದ ಹಿಂದೆ ಸಾಕಷ್ಟು ಉದ್ದದ ನೇರ ಕೊಳವೆಯನ್ನೂ ಬಿಟ್ಟೆವು. ಇದನ್ನು ನಾನು ಗದ್ದಲವನ್ನು ‘ತಡೆಯುವುದು’ ಎನ್ನುತ್ತೇನೆ. ಪಟ್ಟಿ ಸುತ್ತುವುದು ಅಡ್ಡದನಿಯನ್ನು ‘ಹೀರುವುದು’, ಸರಾಸರಿ ತೆಗೆಯುವುದು ‘ಸೋಸುವುದು’. ಪಠ್ಯಗಳ ‘ಅವಮಂದನ’ಕ್ಕಿಂತ (ಡ್ಯಾಂಪಿಂಗ್) ಈ ಮೂರು ಮಾತುಗಳು ಹುಡುಗರಿಗೆ ಬೇಗ ಹತ್ತುತ್ತವೆ ಎಂಬುದು ನನ್ನ ಅನುಭವ.

ನನ್ನ ಪ್ರಶ್ನೆಗಳು ಎರಡು. ‘ಅಡ್ಡದನಿ’ಗೆ ನಿಮ್ಮ ಊರಿನ ಬಳಕೆಯಲ್ಲಿ ಬೇರೆ ಅರ್ಥವೇನಾದರೂ ಇದೆಯೇ? ವಿರೋಧದ ಮಾತು ಎಂದು ಯಾರಾದರೂ ತಿಳಿಯುವಂತಿದ್ದರೆ ಅದನ್ನು ಕೈಬಿಡಲು ಸಿದ್ಧನಿದ್ದೇನೆ. ಹಾಗೆಯೇ, ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದವರು ಸ್ಟೇಷನ್ನಿನ ನಡುವೆ ಬರುತ್ತಿದ್ದ ಕರಕರಕ್ಕೆ ತಮ್ಮತಮ್ಮಲ್ಲಿ ಏನೆನ್ನುತ್ತಿದ್ದರು ಎಂಬುದು ಯಾರಿಗಾದರೂ ನೆನಪಿದ್ದರೆ ದಯವಿಟ್ಟು ಬರೆಯಿರಿ. ಈ ಅಧ್ಯಾಯವನ್ನು ದೀಪಾವಳಿಗೆ ಮುನ್ನ ಹುಡುಗರ ಕೈಗೆ ಕೊಡಬೇಕಾಗಿದೆ.