ಇಟಲಿಯ ಬಿಲ್ಲಿನ ‘ಕೊಪೆರ್ತೊ’ಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ: ಇಟಲಿಯ ತ್ರತ್ತೊರೀಯಗಳಲ್ಲಿ, ಅಂದರೆ ಮನೆಮಂದಿಯೇ ನಡೆಸುವಂಥ ಸಣ್ಣ ಊಟದ ಹೋಟೆಲುಗಳಲ್ಲಿ, ‘ಕೊಪೆರ್ತೊ’ ಎಂದು ತಲೆಗೆ ಎರಡೋ ಮೂರೋ ಯೂರೊ ಬಿಲ್ಲಿಗೆ ಸೇರಿಸುತ್ತಾರೆ. ಪ್ರವಾಸಿಗಳಿಗಾಗಿ ಮಾಡುತ್ತಿರುವ ಪದಪಟ್ಟಿಯಲ್ಲಿ ಇದನ್ನು ‘ಸೇವಾ ಶುಲ್ಕ’ ಎನ್ನಬಹುದೇ? ‘ಟಿಪ್ಸ್’ ಸಾಕು ಎನ್ನುವವರೂ ಇದ್ದಾರೆ.

ಉತ್ತರ: ಎರಡೂ ಬೇಡ. ಸೇವಾ ಶುಲ್ಕಕ್ಕೆ ಅಲ್ಲಿ ‘ಸೆರ್ವಿತ್ಸಿಯೊ’ ಎಂಬ ಬೇರೆ ಪದವೇ ಇದೆ. ಅದನ್ನು ಹಾಕುವ ಕಡೆ ಒಟ್ಟು ಮೊತ್ತದ ಮೇಲೆ ಶೇಕಡಾ ಲೆಕ್ಕದಲ್ಲಿ ಹಾಕುತ್ತಾರೆ. ಟಿಪ್ಸ್ ಎಂದರೆ ‘ಮಾಂಚ’. ಕೊಡುವುದು ಬಿಡುವುದು ಗಿರಾಕಿಯ ಇಷ್ಟ. ಕೊಪೆರ್ತೊ ಬೀಳುವುದು ತಿಂದದ್ದರ ಮೇಲಲ್ಲ, ಕೂತವರ ತಲೆಯ ಮೇಲೆ. ಮೇಜಿನ ಬಟ್ಟೆ, ತಟ್ಟೆ, ಲೋಟ, ಫೋರ್ಕು, ಸಾಮಾನ್ಯವಾಗಿ ಬ್ರೆಡ್ಡಿನ ಬುಟ್ಟಿ, ಇವೆಲ್ಲದರ ಬಾಬ್ತು ಅದು. ನಾಲ್ವರು ಕೂತು ಎರಡೇ ಪಾಸ್ತ ಹಂಚಿಕೊಂಡರೂ ನಾಲ್ಕು ಕೊಪೆರ್ತೊ. ಬ್ರೆಡ್ ಮುಟ್ಟದಿದ್ದರೂ ಅಷ್ಟೇ. ನಮ್ಮವರು ತಕರಾರು ತೆಗೆಯುವುದು ಇಲ್ಲೇ. ಮೆನುವಿನ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಅದರ ದರ ಇರುತ್ತದೆ, ಕೂರುವ ಮೊದಲೇ ನೋಡಬೇಕು.

ಈ ಪದಕ್ಕೆ ಇನ್ನೊಂದು ಬಳಕೆಯೂ ಉಂಟು. ‘40 ಕೊಪೆರ್ತಿ’ಯ ಹೋಟೆಲು ಎಂದರೆ ಒಂದು ಸಲಕ್ಕೆ 40 ಮಂದಿ ಊಟಕ್ಕೆ ಕೂರಬಹುದಾದದ್ದು. ನಮ್ಮ ಅಡುಗೆ ಭಟ್ಟರು ‘ಮಧ್ಯಾಹ್ನಕ್ಕೆ ಎಷ್ಟು ಎಲೆ?’ ಎಂದು ಕೇಳುವುದೂ ಇದೇ ಲೆಕ್ಕ. ಹಾಗಾಗಿ ‘ಎಲೆ ಹಾಕಿದ ಬಾಬ್ತು’ ಎನ್ನುವುದು ನನಗೆ ಒಪ್ಪಿಗೆ. ‘ಎಲೆ ದರ’ ಎಂದು ಮಾತ್ರ ಬರೆಯಬೇಡಿ. ಕೇಟರಿಂಗ್‌ನವರ ಬಾಯಲ್ಲಿ ಅದು ಇಡೀ ಊಟದ ಬೆಲೆ, ಓದುಗರು ದಾರಿ ತಪ್ಪುತ್ತಾರೆ.

ರೋಮ್‌ಗೆ ಒಂದು ಟಿಪ್ಪಣಿ ಸೇರಿಸಿ. ರೋಮ್ ಇರುವ ಲಾತ್ಸಿಯೊ ಪ್ರಾಂತ್ಯ 2006ರ ಕಾನೂನಿನಲ್ಲಿ ಕೊಪೆರ್ತೊವನ್ನು ನಿಷೇಧಿಸಿತು. ಅಲ್ಲಿನ ಬಿಲ್ಲಿನಲ್ಲಿ ಅದರ ಬದಲು ‘ಪಾನೆ’, ಅಂದರೆ ಬ್ರೆಡ್, ಎಂಬ ಸಾಲು ಬರುವುದುಂಟು. ಬ್ರೆಡ್ ಬೇಡವಾದರೆ ಬುಟ್ಟಿ ತಂದಿಟ್ಟಾಗಲೇ ವಾಪಸು ಕಳಿಸಬೇಕು.

ಪಟ್ಟಿಯಲ್ಲಿ ಇಲ್ಲದ, ಆದರೆ ಇದಕ್ಕಿಂತ ದುಬಾರಿಯಾದ ಪದ ‘ಅಲ್ಲೆತ್ತೊ’. ಮೀನು, ದಪ್ಪ ಸ್ಟೇಕ್‌ಗಳ ಬೆಲೆಯ ಮುಂದೆ ಇದು ಕಂಡರೆ ಆ ಬೆಲೆ ಪ್ಲೇಟಿನದಲ್ಲ, 100 ಗ್ರಾಮಿನದು. ತೂಗುವುದು ಬೇಯಿಸುವ ಮೊದಲು, ಮೀನಾದರೆ ತಲೆ ಮುಳ್ಳು ಸಮೇತ. 6 ಯೂರೊ ಅಂದುಕೊಂಡ ಮೀನು 800 ಗ್ರಾಂ ತೂಗಿದರೆ 48 ಯೂರೊ. ‘100 ಗ್ರಾಮಿಗೆ’ ಎಂದು ನೇರವಾಗಿ ಬರೆದು, ಒಲೆಗೆ ಹೋಗುವ ಮುಂಚೆ ತೂಕ ಕೇಳಿ ಎಂದು ಪಕ್ಕದಲ್ಲೇ ಸೇರಿಸಿ.