ಸಹಾಯ ಬೇಕು: ಮಂಡಿನೋವಿರುವ ಅಮ್ಮನನ್ನು ಮಿಸ್ಟರಿ ಐಲ್ಯಾಂಡ್‌ಗೆ ಇಳಿಸಬಹುದಾ?

ಎಲ್ಲರಿಗೂ ನಮಸ್ಕಾರ. ನಾವು ಸಿಡ್ನಿಯಲ್ಲಿದ್ದೇವೆ. ಊರಿಂದ ಬಂದಿರುವ ಅಪ್ಪ ಅಮ್ಮನ ಜೊತೆ ಮುಂದಿನ ತಿಂಗಳು ಕ್ರೂಸ್ ಹೊರಟಿದ್ದೇವೆ. ಹಡಗು ಪೆಸಿಫಿಕ್ ಸಾಗರದ ದ್ವೀಪದೇಶ ವನುವಾಟುವಿನ ಮಿಸ್ಟರಿ ಐಲ್ಯಾಂಡ್‌ನಲ್ಲಿ ಒಂದು ದಿನ ನಿಲ್ಲುತ್ತದೆ. ಪುಟ್ಟ ದ್ವೀಪ, ಒಂದು ಗಂಟೆಯೊಳಗೆ ಸುತ್ತು ಹಾಕಿ ಬರಬಹುದಂತೆ. ಅಲ್ಲಿ ಯಾರೂ ವಾಸವಿಲ್ಲ. ಹಡಗು ಬಂದ ದಿನ ಪಕ್ಕದ ಅನೈಟ್ಯುಮ್ ದ್ವೀಪದವರು ಬಂದು ಅಂಗಡಿ ಹಾಕುತ್ತಾರೆ. ಎಟಿಎಂ ಇಲ್ಲ, ಆಸ್ಟ್ರೇಲಿಯನ್ ಡಾಲರ್ ನಡೆಯುತ್ತದೆ. ಇಷ್ಟು ಗೊತ್ತಾಯಿತು.

ತೊಂದರೆ ಇರುವುದು ಅಮ್ಮನ ಮಂಡಿಯಲ್ಲಿ. ಹಡಗು ದಡಕ್ಕೆ ಬರುವುದಿಲ್ಲ, ದೂರದಲ್ಲೇ ಲಂಗರು ಹಾಕುತ್ತದೆ. ಅಲ್ಲಿಂದ ದಡಕ್ಕೆ ಹೋಗಲು ಟೆಂಡರ್ ಅನ್ನುವ ಸಣ್ಣ ದೋಣಿ ಹತ್ತಬೇಕು. ಕ್ರೂಸ್ ಕಂಪನಿಗೆ ಎರಡು ಸಲ ಫೋನ್ ಮಾಡಿದೆ. "ಅವತ್ತಿನ ಅಲೆ ನೋಡಿ ಹೇಳುತ್ತೇವೆ" ಅಂದರು ಅಷ್ಟೇ. ವಿಡಿಯೋಗಳಲ್ಲಿ ಬರೀ ಸ್ನಾರ್ಕೆಲಿಂಗ್! ಅಮ್ಮ ಕೋಲು ಹಿಡಿದು ನಡೆಯುತ್ತಾರೆ, ನಾಲ್ಕೈದು ಮೆಟ್ಟಿಲು ಹತ್ತುತ್ತಾರೆ. ಆದರೆ ಅಲುಗಾಡುವ ದೋಣಿಗೆ ಕಾಲಿಡುವುದು ಆಗುತ್ತದಾ ಅನ್ನುವುದೇ ನನ್ನ ಭಯ. ಅವರೋ "ನೀವು ಹೋಗಿ, ನಾನು ಹಡಗಲ್ಲೇ ಇರ್ತೀನಿ" ಅಂತ ಈಗಲೇ ಶುರು ಮಾಡಿದ್ದಾರೆ.

ವಯಸ್ಸಾದವರನ್ನು ಅಲ್ಲಿಗೆ ಕರೆದುಕೊಂಡು ಹೋದವರು ಯಾರಾದರೂ ಇದ್ದೀರಾ? ದೋಣಿಗೆ ಇಳಿಯಲು ಎಷ್ಟು ಮೆಟ್ಟಿಲು? ಸಿಬ್ಬಂದಿ ಕೈ ಹಿಡಿದು ಇಳಿಸುತ್ತಾರಾ? ದಡದ ಹತ್ತಿರವೇ ಕೂರಲು ನೆರಳಿದೆಯಾ?