ಪಾರ್ಕಿನ ತೋಟದ ಆಲೂಗಡ್ಡೆ ಗಿಡದಲ್ಲಿ ಕಾಯಿ ಬಿಟ್ಟಿದೆ, ಮಕ್ಕಳಿರುವ ಮನೆಯವರು ದಯವಿಟ್ಟು ಓದಿ

2ನೇ ಅಡ್ಡರಸ್ತೆ, ಮೂಲೆಮನೆ:
ಎಲ್ಲರಿಗೂ ನಮಸ್ಕಾರ. ಪಾರ್ಕಿನ ಪಕ್ಕದ ನಮ್ಮ ತರಕಾರಿ ತೋಟದಲ್ಲಿ ಜೂನ್ ಮೊದಲ ವಾರ ಆಲೂಗಡ್ಡೆ ಹಾಕಿದ್ದೆವಲ್ಲ, ಆ ಗಿಡಗಳ ತುದಿಯಲ್ಲಿ ಈಗ ಹಸಿರು ಕಾಯಿ ಬಿಟ್ಟಿದೆ. ಫೋಟೋ ಹಾಕಿದ್ದೇನೆ. ನೋಡೋಕೆ ಥೇಟ್ ಚೆರ್ರಿ ಟೊಮೆಟೊ. ಗೊಂಚಲು ಗೊಂಚಲಾಗಿ ನೇತಾಡುತ್ತಿವೆ, ತೊಟ್ಟಿನ ಹತ್ತಿರ ಟೊಮೆಟೊಗೆ ಇರುವ ಹಾಗೇ ಹಸಿರು ಎಸಳು.

ನಿನ್ನೆ ಸಂಜೆ ಮೂರ್ನಾಲ್ಕು ಮಕ್ಕಳು ಇದನ್ನು ಕಿತ್ತು ಕಲ್ಲುಬೆಂಚಿನ ಮೇಲೆ ಸಾಲಾಗಿ ಇಟ್ಟುಕೊಂಡು ಅಂಗಡಿ ಆಟ ಆಡುತ್ತಿದ್ದರು. ಎಲ್ಲರಿಗಿಂತ ಚಿಕ್ಕವಳು ಒಂದನ್ನು ಬಾಯಿ ಹತ್ತಿರ ತೆಗೆದುಕೊಂಡು ಹೋಗಿದ್ದಳು. ತಡೆದು ಎಲ್ಲರ ಕೈ ತೊಳೆಸಿದೆ. ಯಾರೂ ತಿಂದಿಲ್ಲ, ಗಾಬರಿ ಬೇಡ. ಆದರೆ ಈ ಕಾಯಿ ವಿಷ. ಹಸಿಯಾಗಲಿ ಹಣ್ಣಾಗಲಿ, ತಿನ್ನುವ ಹಾಗಿಲ್ಲ. ಇವತ್ತೇ ನಿಮ್ಮ ನಿಮ್ಮ ಮಕ್ಕಳಿಗೆ ಹೇಳಿ. ಮುಂದೇನು ಮಾಡೋಣ ಅಂತ ಇಲ್ಲೇ ಮಾತಾಡಿಕೊಳ್ಳೋಣ.

ಮನೆ ನಂ. 31:
ಆಲೂಗಡ್ಡೆ ಗಿಡದಲ್ಲಿ ಕಾಯಿನಾ? ಗಡ್ಡೆ ಮಣ್ಣೊಳಗೆ ತಾನೇ ಬಿಡೋದು? ಪಕ್ಕದ ಸಾಲಲ್ಲಿ ಟೊಮೆಟೊ ಹಾಕಿದ್ದಕ್ಕೆ ಬೆರಕೆ ಆಗಿದೆಯಾ? ಇಲ್ಲಾ ಬೀಜವೇ ಏನಾದರೂ ಬೇರೆ ಥರದ್ದಾ?

1ನೇ ಅಡ್ಡರಸ್ತೆ, ಶಾಲೆ ಟೀಚರ್:
ಬೆರಕೆ ಏನೂ ಇಲ್ಲ ಮೇಡಂ. ಆಲೂಗಡ್ಡೆ, ಟೊಮೆಟೊ, ಬದನೆ, ಮೆಣಸಿನಕಾಯಿ ಎಲ್ಲ ಒಂದೇ ಕುಟುಂಬದ ಗಿಡಗಳು. ಆಲೂಗಡ್ಡೆಯೂ ಹೂ ಬಿಡುತ್ತೆ, ಹೂ ನಿಂತರೆ ಕಾಯಿ ಕಟ್ಟುತ್ತೆ. ನಾವು ತಿನ್ನುವ ಗಡ್ಡೆ ಮಣ್ಣೊಳಗೆ ದಪ್ಪಗಾದ ಕಾಂಡ, ಗಿಡದ ನಿಜವಾದ ಕಾಯಿ ಅಂದರೆ ಇದೇ. ಒಂದೊಂದು ಕಾಯಲ್ಲಿ ನೂರಕ್ಕೂ ಜಾಸ್ತಿ ಬೀಜ ಇರಬಹುದು.

ನಾವು ಇದನ್ನು ಹೆಚ್ಚಾಗಿ ನೋಡದೇ ಇರೋದಕ್ಕೆ ಕಾರಣ ಇದೆ. ಬಿಸಿಲು ಜಾಸ್ತಿ ಇದ್ದರೆ ಹೂವು ಕಾಯಾಗದೆ ಉದುರಿಹೋಗುತ್ತೆ. ಚಳಿಗಾಲದ ಬೆಳೆಯಲ್ಲಿ ಹಗಲು ಚಿಕ್ಕದು, ಹೂವೇ ಕಡಿಮೆ. ಮಳೆಗಾಲದಲ್ಲಿ ನಮ್ಮ ಹಾಸನದ ಹವೆ ತಂಪು, ಹಗಲೂ ಉದ್ದ, ಅದಕ್ಕೇ ಕಾಯಿ ನಿಂತಿದೆ. ತಳಿಯ ಮೇಲೂ ಹೋಗುತ್ತೆ, ಕೆಲವು ತಳಿ ಕಾಯಿ ಬಿಡೋದೇ ಅಪರೂಪ.

ಹೊಸ ತಳಿ ಮಾಡುವವರಿಗೆ ಈ ಕಾಯಿಯೇ ಬೇಕು. ಶಿಮ್ಲಾದಲ್ಲಿರುವ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯವರು ಒಂದು ತಳಿಯ ಹೂವಿಗೆ ಇನ್ನೊಂದರ ಪರಾಗ ಹಾಕಿ, ಕಟ್ಟಿದ ಕಾಯಿಂದ ಬೀಜ ತೆಗೆದು ಸಸಿ ಬೆಳೆಸುತ್ತಾರೆ. ಅಲ್ಲಿ ಹತ್ತಿರದ ಊರು ಕುಫ್ರಿ. ನಮ್ಮ ಜಿಲ್ಲೆಯ ರೈತರು ಹಾಕುವ ಕುಫ್ರಿ ಜ್ಯೋತಿಗೆ ಆ ಹೆಸರು ಬಂದಿದ್ದು ಅಲ್ಲಿಂದಲೇ. 1968ರಲ್ಲಿ ಬಿಟ್ಟ ತಳಿ ಅದು.

ಮನೆ ನಂ. 8:
ಅದೆಲ್ಲ ಸರಿ. ಆದರೆ ನನ್ನ ಮೊಮ್ಮಗ ದಿನಾ ಅಲ್ಲೇ ಆಡೋದು. ವಿಷದ ಕಾಯಿ ಬಿಡುವ ಗಿಡ ಮಕ್ಕಳು ಓಡಾಡುವ ಜಾಗದಲ್ಲಿ ಯಾಕೆ? ಇವತ್ತೇ ಪೂರ್ತಿ ಕಿತ್ತು ಹಾಕಿಸಿ ಅಂತ ನನ್ನ ಒತ್ತಾಯ. ಮುಂದೆ ಕೊತ್ತಂಬರಿ, ಮೆಂತ್ಯ ಹಾಕಿಕೊಳ್ಳಿ ಸಾಕು.

3ನೇ ಅಡ್ಡರಸ್ತೆ, ನೀರಿನ ಟ್ಯಾಂಕ್ ಎದುರು:
ನಾನು ಊರಲ್ಲಿ ಇಪ್ಪತ್ತು ವರ್ಷ ಆಲೂಗಡ್ಡೆ ಬೆಳೆದವನು. ಅಣ್ಣಾವ್ರೇ, ನಿಮ್ಮ ಭಯ ಅರ್ಥ ಆಗುತ್ತೆ. ಆದರೆ ಗಿಡ ಕೀಳೋದು ಬೇಡ. ಗಡ್ಡೆ ಊದುವ ಹೊತ್ತು ಇದು. ಈಗ ಕಿತ್ತರೆ ಗೋಲಿ ಗಾತ್ರದ್ದು ಸಿಗುತ್ತೆ ಅಷ್ಟೆ. ಸೆಪ್ಟೆಂಬರ್ ಎರಡನೇ ವಾರಕ್ಕೆ ಅಗೆಯಬಹುದು. ಕಾಯಿ ಬಿಟ್ಟ ಗಿಡದ ಗಡ್ಡೆಗೆ ವಿಷ ಬರುತ್ತೆ ಅನ್ನೋದೂ ಇಲ್ಲ, ಆರಾಮಾಗಿ ತಿನ್ನಬಹುದು.

ಕಾಯನ್ನು ಮಾತ್ರ ಕೀಳಬೇಕು. ಉಗುರಲ್ಲಿ ತೊಟ್ಟು ಚಿವುಟಿದರೆ ಬಂದುಬಿಡುತ್ತೆ, ಗಿಡಕ್ಕೆ ಏನೂ ಆಗಲ್ಲ. ಇನ್ನು ಮೇಲೆ ಹೂವು ಕಂಡಾಗಲೇ ಚಿವುಟಿದರೆ ಕಾಯಿ ಕಟ್ಟುವ ಮಾತೇ ಬರಲ್ಲ. ವಾರಕ್ಕೆರಡು ಸಲ ಒಬ್ಬರು ಸಾಲು ನೋಡಿಕೊಂಡು ಬಂದರೆ ಸಾಕು.

ಇನ್ನೊಂದು ಕೆಲಸ ಬಾಕಿ ಇದೆ. ಮೊನ್ನೆ ಮಳೆಗೆ ಬದುವಿನ ಮಣ್ಣು ಕೊಚ್ಚಿಹೋಗಿ ಕೆಲವು ಗಡ್ಡೆ ಆಚೆ ಕಾಣುತ್ತಿವೆ. ಬೆಳಕು ಬಿದ್ದು ಸಿಪ್ಪೆ ಹಸಿರಾದರೆ ಕಾಯಲ್ಲಿರೋ ವಿಷವೇ ಅಲ್ಲೂ ಜಾಸ್ತಿ ಆಗುತ್ತೆ. ಅದನ್ನು ಅಡುಗೆಗೆ ತೆಗೆದುಕೊಳ್ಳಬಾರದು. ಗುದ್ದಲಿ ತಂದು ಬುಡಕ್ಕೆ ಮಣ್ಣು ಏರಿಸೋಣ.

ಮನೆ ನಂ. 19:
ಬೇಯಿಸಿದರೆ ವಿಷ ಹೋಗಲ್ವಾ? ನಮ್ಮತ್ತೆ ಕೇಳುತ್ತಿದ್ದಾರೆ. ಚಿಕ್ಕವರಿದ್ದಾಗ ಗಣಿಕೆ ಹಣ್ಣು ತಿಂದವರು ಅವರು, ಇದೂ ಹಾಗೇ ಅಲ್ವಾ ಅಂತಾರೆ.

4ನೇ ಅಡ್ಡರಸ್ತೆ, ನರ್ಸ್:
ಅಕ್ಕ, ಅತ್ತೆಯವರು ಕೇಳಿದ್ದು ಒಳ್ಳೆಯದಾಯಿತು. ನಮ್ಮ ಕಡೆ ಅಪಾಯ ಇರೋದು ಅಲ್ಲೇ. ಗಣಿಕೆಯೂ ಇದೇ ಕುಟುಂಬದ್ದು. ಅದರ ಕಪ್ಪು ಹಣ್ಣನ್ನು ನಾವೆಲ್ಲ ತಿಂದಿದ್ದೇವೆ, ಸೊಪ್ಪಿನ ಸಾರೂ ಮಾಡುತ್ತೇವೆ. ಹಾಗಾಗಿ ಮಗುವಿಗೂ ಅಜ್ಜಿಗೂ ಇದು ತಿನ್ನುವ ಥರಾನೇ ಕಾಣುತ್ತೆ. ಆಲೂಗಡ್ಡೆ ಕಾಯಿ ಹಾಗಲ್ಲ. ಮಾಗಿದರೂ ಹೆಚ್ಚಾಗಿ ಹಸಿರಾಗೇ ಇರುತ್ತೆ, ಇಲ್ಲಾ ಸ್ವಲ್ಪ ಹಳದಿ ಆಗುತ್ತೆ, ವಿಷ ಮಾತ್ರ ಹೋಗಲ್ಲ. ಅದರಲ್ಲಿ ಸೋಲನಿನ್, ಚಾಕೋನಿನ್ ಅನ್ನುವ ವಸ್ತುಗಳಿವೆ. ಬೇಯಿಸಿದರೂ ಹೋಗಲ್ಲ, ಉಪ್ಪಿನಕಾಯಿ ಹಾಕಿದರೂ ಅಷ್ಟೇ. ಆಲೂಗಡ್ಡೆ ಎಲೆಯನ್ನು ಗಣಿಕೆ ಸೊಪ್ಪಿನ ಥರ ಸಾರು ಮಾಡೋದೂ ಬೇಡ, ಅದರಲ್ಲೂ ಇದೇ ವಿಷ ಇದೆ.

ಯಾರಾದರೂ ಮಗು ತಿಂದುಬಿಟ್ಟರೆ: ಬಾಯಲ್ಲಿ ಉಳಿದಿದ್ದನ್ನು ತೆಗೆಸಿ, ಬಾಯಿ ತೊಳೆಸಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋದು ಬೇಡವೇ ಬೇಡ. ಲಕ್ಷಣ ಬರಲಿ ಅಂತ ಕಾಯಬೇಡಿ, ಕೆಲವು ಸಲ ಹಲವು ಗಂಟೆ ಬಿಟ್ಟು ಶುರುವಾಗುತ್ತೆ. ಹೊಟ್ಟೆನೋವು, ವಾಂತಿ, ಭೇದಿ, ತಲೆನೋವು ಬರಬಹುದು. ಜಾಸ್ತಿ ತಿಂದಿದ್ದರೆ ಮಂಪರು, ಗೊಂದಲ. ಆಸ್ಪತ್ರೆಗೆ ಹೋಗುವಾಗ ಒಂದು ಕಾಯಿ ಕವರಲ್ಲಿ ಹಾಕಿಕೊಂಡು ಹೋಗಿ, ಡಾಕ್ಟರಿಗೆ ತೋರಿಸೋಕೆ. ಆಂಬುಲೆನ್ಸ್‌ಗೆ 108. ದೆಹಲಿ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಉಚಿತ ನಂಬರ್ 1800 116 117. ಈಗಲೇ ಫೋನಲ್ಲಿ ಸೇವ್ ಮಾಡಿಕೊಳ್ಳಿ.

ಮನೆ ನಂ. 8:
ಇಷ್ಟೆಲ್ಲ ಓದಿದ ಮೇಲೆ ನನಗೆ ಭಯ ಇನ್ನೂ ಜಾಸ್ತಿ ಆಯಿತು. ವಾರಕ್ಕೆರಡು ಸಲ ನೋಡುವವರು ಒಂದು ವಾರ ಮರೆತರೆ?

2ನೇ ಅಡ್ಡರಸ್ತೆ, ಮೂಲೆಮನೆ:
ಸರ್, ಹಾಗಾದರೆ ಪಾರ್ಕಿನ ಬೇಲಿ ಉದ್ದಕ್ಕೂ ಇರುವ ಕಣಗಿಲೆ ನೋಡಿ. ಅದರ ಎಲೆ, ಹೂವು, ಕಾಂಡ ಎಲ್ಲ ವಿಷ. ಆಲೂಗಡ್ಡೆ ಕಾಯಿಗಿಂತ ಎಷ್ಟೋ ಕೆಟ್ಟದ್ದು, ಹೃದಯಕ್ಕೇ ಹೊಡೆತ. ಅದನ್ನು ವರ್ಷಗಳಿಂದ ಇಟ್ಟುಕೊಂಡಿದ್ದೇವೆ. ನಾವು ಎಷ್ಟು ಗಿಡ ಕಿತ್ತರೂ ಮಕ್ಕಳು ನಾಳೆ ಇನ್ನೊಂದು ಕಡೆ ಇನ್ನೊಂದು ಕಾಯಿ ನೋಡುತ್ತಾರೆ. ದೊಡ್ಡವರನ್ನು ಕೇಳದೆ ಯಾವ ಕಾಯನ್ನೂ ಬಾಯಿಗೆ ಹಾಕಬಾರದು ಅಂತ ಅವರಿಗೆ ಕಲಿಸಲೇಬೇಕು. ಅದಕ್ಕೆ ಈ ತೋಟಕ್ಕಿಂತ ಒಳ್ಳೆ ಜಾಗ ನನಗಂತೂ ಕಾಣಲ್ಲ. ಈ ತೋಟ ಮಾಡಿದ ಮೇಲೇ ನಮ್ಮ ಮಕ್ಕಳು ಬದನೆ ಹೂವು ನೋಡಿದ್ದು, ಮಣ್ಣು ಮುಟ್ಟಿದ್ದು. ಅದು ಹೋಗೋದು ನನಗೆ ಇಷ್ಟವಿಲ್ಲ.

ನಿಮ್ಮ ಪ್ರಶ್ನೆಯೂ ನ್ಯಾಯವೇ. ಮಂಗಳವಾರ, ಶುಕ್ರವಾರ ಸಾಲು ನೋಡುವ ಜವಾಬ್ದಾರಿ ನನ್ನದು, ನೋಡಿದ ಮೇಲೆ ಇಲ್ಲೇ ಫೋಟೋ ಹಾಕುತ್ತೇನೆ. ನಾನು ಊರಲ್ಲಿಲ್ಲದಿದ್ದರೆ ಟ್ಯಾಂಕ್ ಎದುರಿನ ಅಣ್ಣ ನೋಡುತ್ತಾರೆ. ಸರಿ ತಾನೇ ಅಣ್ಣ?

3ನೇ ಅಡ್ಡರಸ್ತೆ, ನೀರಿನ ಟ್ಯಾಂಕ್ ಎದುರು:
ಆಯ್ತು, ನಾನಿದ್ದೇನೆ. ಹುರಿಹಗ್ಗ, ಗೂಟ ನಮ್ಮನೆಯಲ್ಲಿದೆ, ಆಲೂಗಡ್ಡೆ ಸಾಲಿನ ಸುತ್ತ ಕಟ್ಟಿಬಿಡುತ್ತೇನೆ. ಕಿತ್ತ ಕಾಯನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ. ಬೀಜ ಮೊಳೆತು ಎಲ್ಲೆಲ್ಲೋ ಗಿಡ ಏಳುತ್ತೆ, ಅಂಗಮಾರಿ ಬಂದರೆ ಆ ಗಿಡಗಳಿಂದ ಪಕ್ಕದ ಟೊಮೆಟೊಗೂ ಹಬ್ಬುತ್ತೆ. ಹಸುಗಳಿಗೂ ಹಾಕಬೇಡಿ. ಗಡ್ಡೆ ಅಗೆಯುವ ಮೊದಲು ಹಸಿರು ಗಿಡ ಕೊಯ್ಯುತ್ತೇವಲ್ಲ, ಅದನ್ನೂ ದನದ ಮುಂದೆ ಎಸೆಯೋದು ಬೇಡ.

1ನೇ ಅಡ್ಡರಸ್ತೆ, ಶಾಲೆ ಟೀಚರ್:
ಭಾನುವಾರ ಮಕ್ಕಳನ್ನೂ ಕರೆದುಕೊಂಡು ಬನ್ನಿ. ಒಂದು ಆಲೂಗಡ್ಡೆ ಕಾಯಿ, ಒಂದು ಟೊಮೆಟೊ ಅಡ್ಡಕ್ಕೆ ಕೊಯ್ದು ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ. ಒಳಗಿನ ಬೀಜದ ಜೋಡಣೆ ಎರಡರಲ್ಲೂ ಒಂದೇ ಥರ. ಕೊಯ್ಯೋದು ನಾನೇ, ಮಕ್ಕಳು ಮುಟ್ಟೋದು ಬೇಡ. ಯಾವುದು ತಿನ್ನೋದು, ಯಾವುದು ಅಲ್ಲ, ಯಾಕೆ ಅಂತ ಕಣ್ಣಾರೆ ನೋಡಿದರೆ ಚೆನ್ನಾಗಿ ನೆನಪಿರುತ್ತೆ. ಅಲ್ಲೇ ನಿಲ್ಲಿಸೋಕೆ ಚಿತ್ರ ಇರುವ ಬೋರ್ಡನ್ನೂ ಬರೆದು ತರುತ್ತೇನೆ, ಓದೋಕೆ ಬಾರದ ಪುಟ್ಟವರಿಗೂ ಗೊತ್ತಾಗುವ ಹಾಗೆ.

ಮನೆ ನಂ. 8:
ಹಗ್ಗ ಕಟ್ಟಿ, ಬೋರ್ಡ್ ಹಾಕಿ, ವಾರಕ್ಕೆರಡು ಸಲ ಫೋಟೋ ಹಾಕುವುದಾದರೆ ನನ್ನ ಅಭ್ಯಂತರ ಇಲ್ಲ. ಭಾನುವಾರ ಮೊಮ್ಮಗನನ್ನು ಕರೆದುಕೊಂಡು ಬರುತ್ತೇನೆ. ಆದರೆ ಭಾನುವಾರದವರೆಗೆ ಕಾಯೋದು ಬೇಡ, ಕೈಗೆ ಸಿಗುವ ಕಾಯನ್ನಾದರೂ ಇವತ್ತೇ ಕೀಳೋಣ. ಸಂಜೆ ಐದಕ್ಕೆ ನಾನು ಅಲ್ಲಿರುತ್ತೇನೆ.

2ನೇ ಅಡ್ಡರಸ್ತೆ, ಮೂಲೆಮನೆ:
ನಾನೂ ಬರುತ್ತೇನೆ ಸರ್. ಕೆಳಗೆ ಉದುರಿದ್ದನ್ನೂ ಆರಿಸಬೇಕು, ಮಕ್ಕಳ ಕೈಗೆ ಮೊದಲು ಸಿಗೋದು ಅದೇ.

ಗುಂಪಿನ ನಿರ್ವಾಹಕರು:
ಹಾಗಾದರೆ ಇವತ್ತು ಸಂಜೆ ಐದಕ್ಕೆ ಕಾಯಿ ಕೀಳೋದು. ಭಾನುವಾರ ಬೆಳಿಗ್ಗೆ ಏಳೂವರೆಗೆ ಮಣ್ಣು ಏರಿಸೋದು, ಹಗ್ಗ, ಬೋರ್ಡ್, ಟೀಚರ್ ಪಾಠ. ಗುದ್ದಲಿ ಇರುವವರು ತನ್ನಿ. ಈ ಗುಂಪಲ್ಲಿ ಇಲ್ಲದ ಬಾಡಿಗೆ ಮನೆಯವರಿಗೆ, ಪಾರ್ಕಿಗೆ ಮಕ್ಕಳನ್ನು ಕರೆತರುವ ಕೆಲಸದವರಿಗೆ ನಿಮ್ಮ ನಿಮ್ಮ ಬೀದಿಯವರು ಬಾಯಿಮಾತಲ್ಲಿ ಹೇಳಿಬಿಡಿ.

ಮನೆ ನಂ. 31:
ಕಿತ್ತ ಕಾಯಿ ಎಲ್ಲಿಗೆ ಹಾಕೋದು? ಇವತ್ತಿನ ಕಸದ ಗಾಡಿ ಆಗಲೇ ಹೋಯಿತು.

ಗುಂಪಿನ ನಿರ್ವಾಹಕರು:
ಚೀಲದ ಬಾಯಿ ಗಟ್ಟಿಯಾಗಿ ಕಟ್ಟಿ ನಮ್ಮ ಗೇಟಿನ ಒಳಗೆ ಇಡಿ ಮೇಡಂ. ನಾಳೆ ಬೆಳಿಗ್ಗೆ ಗಾಡಿಯವರಿಗೆ ವಿಷಯ ಹೇಳಿ ನಾನೇ ಕೈಯಾರೆ ಕೊಡುತ್ತೇನೆ.